ದಾವಣಗೆರೆ ಎಕ್ಸ್‌ಪ್ರೆಸ್: 102 ರನ್ ಆಚೆಗಿನ ಲೆಕ್ಕ

ವಿನಯ್ ಕುಮಾರ್ ಅಂದ ಕೂಡಲೇ ನಿಮಗೆ ಮೊದಲು ಏನು ನೆನಪಾಗುತ್ತೆ? ಮೊಬೈಲ್‌ನಲ್ಲಿ ಕ್ರಿಕೆಟ್ ನೋಡಿ ಬೆಳೆದವರಾದರೆ ಬಹುಶಃ ಒಂದೇ ಸಂಖ್ಯೆ: 102.

2013ರ ನವೆಂಬರ್ 2. ದೀಪಾವಳಿಯ ಶನಿವಾರ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧ ಸರಣಿಯ ಕೊನೆಯ ಏಕದಿನ ಪಂದ್ಯ. ರೋಹಿತ್ ಶರ್ಮಾ 209 ರನ್ ಬಾರಿಸಿ ಹಬ್ಬದ ಪಟಾಕಿಯನ್ನು ಮೈದಾನದಲ್ಲೇ ಹೊಡೆದ ದಿನ. ಭಾರತ ಗೆದ್ದಿತು. ಆದರೆ ಆಸ್ಟ್ರೇಲಿಯಾದ ಜೇಮ್ಸ್ ಫಾಕ್ನರ್ 73 ಎಸೆತಗಳಲ್ಲಿ 116 ರನ್ ಚಚ್ಚಿದರು. ಆ ಗಾಳಿಗೆ ಸಿಕ್ಕವರಲ್ಲಿ ಒಬ್ಬರು ನಮ್ಮ ದಾವಣಗೆರೆಯ ವಿನಯ್. 9 ಓವರ್, 102 ರನ್. ಭಾರತದ ಬೌಲರ್ ಒಬ್ಬರು ಒಂದೇ ಏಕದಿನ ಪಂದ್ಯದಲ್ಲಿ ನೂರಕ್ಕಿಂತ ಹೆಚ್ಚು ರನ್ ಕೊಟ್ಟಿದ್ದು ಅದೇ ಮೊದಲು.

ಆವತ್ತಿನ ನಂತರ ಅವರು ಭಾರತದ ಪರ ಒಂದು ಪಂದ್ಯವನ್ನೂ ಆಡಲಿಲ್ಲ. ಆಗ ಅವರಿಗೆ ವಯಸ್ಸು 29.

ಇಲ್ಲಿಗೆ ಕಥೆ ಮುಗಿಯಿತು ಅಂತ ತುಂಬಾ ಜನ ಅಂದುಕೊಂಡರು. ಈಗಲೂ ಹಾಗೇ ಅಂದುಕೊಂಡವರಿದ್ದಾರೆ. ಆದರೆ ವಿನಯ್ ಕುಮಾರ್ ಆಟ ಬಿಟ್ಟಾಗ ಅವರ ಹೆಸರಿನ ಮುಂದೆ ಇದ್ದ ಸಂಖ್ಯೆ ಬೇರೆ. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 504 ವಿಕೆಟ್. ರಣಜಿ ಟ್ರೋಫಿ ಒಂದರಲ್ಲೇ 442. ಅಷ್ಟೊತ್ತಿಗೆ ರಣಜಿ ಇತಿಹಾಸದಲ್ಲಿ ಯಾವ ವೇಗದ ಬೌಲರ್ ಕೂಡ ಅಷ್ಟು ವಿಕೆಟ್ ತೆಗೆದಿರಲಿಲ್ಲ.

ಒಂದು ಕಡೆ 102, ಇನ್ನೊಂದು ಕಡೆ 504. ಒಬ್ಬ ಆಟಗಾರನ ಜೀವನವನ್ನು ಯಾವ ಸಂಖ್ಯೆಯಿಂದ ಅಳೀಬೇಕು?

ಆಟೊ ಓಡಿಸುತ್ತಿದ್ದ ಅಪ್ಪ, ಎಕ್ಸ್‌ಪ್ರೆಸ್ ಆದ ಮಗ

ರಂಗನಾಥ್ ವಿನಯ್ ಕುಮಾರ್ ಹುಟ್ಟಿದ್ದು 1984ರ ಫೆಬ್ರುವರಿ 12ರಂದು, ದಾವಣಗೆರೆಯಲ್ಲಿ. ಆಗಿನ್ನೂ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಪ್ರತ್ಯೇಕ ಜಿಲ್ಲೆ ಆಗಿದ್ದು 1997ರಲ್ಲಿ, ಈ ಹುಡುಗನಿಗೆ ಹದಿಮೂರು ವರ್ಷವಾದಾಗ. ಅಪ್ಪ ಆಟೊ ಓಡಿಸುತ್ತಿದ್ದರು. ಬ್ಯಾಟು, ಪ್ಯಾಡು, ಸ್ಪೈಕ್ಸ್ ಶೂ ಅಂತ ಪ್ರತಿ ವರ್ಷ ಖರ್ಚು ಕೇಳುವ ಆಟ ಕ್ರಿಕೆಟ್. ದಿನದ ದುಡಿಮೆಯ ಮನೆಯಿಂದ ಆ ಆಟಕ್ಕೆ ಮಗನನ್ನು ಕಳಿಸೋದು ಎಂಥ ಲೆಕ್ಕಾಚಾರ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ದಾವಣಗೆರೆ, ಹರಿಹರ ಅಂದರೆ ದುಡಿಮೆಯ ಊರುಗಳು. ಒಂದು ಕಡೆ ಹತ್ತಿ ಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಅಂತ ಕರೆಸಿಕೊಂಡ ಪೇಟೆ. ಹತ್ತು ಹದಿನೈದು ಕಿಲೋಮೀಟರ್ ಆಚೆ, ತುಂಗಭದ್ರೆಯ ದಂಡೆಯಲ್ಲಿ, ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ತಯಾರಿಸಿದ ಹರಿಹರ. ಗಿರಣಿಗಳ ಸದ್ದು ಅಡಗಿತು, ಕಿರ್ಲೋಸ್ಕರ್ ಬಾಗಿಲು ಹಾಕಿತು. ಆದರೆ ಎರಡೂ ಊರಿನ ಹಿರಿಯರು ಇವತ್ತಿಗೂ ಕೆಲಸವನ್ನು ನೋಡುವ ರೀತಿ ಒಂದೇ: ‘ಎಷ್ಟು ಜೋರಾಗಿ ಮಾಡಿದಿ ಅನ್ನೋದಲ್ಲ, ಎಷ್ಟು ಕರೆಕ್ಟಾಗಿ ಮಾಡಿದಿ ಅನ್ನೋದು ಮುಖ್ಯ.’ ಲೇತ್ ಮುಂದೆ ನಿಂತು ದುಡಿದವರಿಗೆ ಇದು ಚೆನ್ನಾಗಿ ಗೊತ್ತು. ಒಂದು ಕೂದಲೆಳೆಯಷ್ಟು ಆಚೀಚೆ ಆದರೂ ಆ ತುಂಡು ಗುಜರಿಗೇ ಹೋಗುತ್ತೆ.

ವಿನಯ್ ಬೌಲಿಂಗ್ ಕೂಡ ಇದೇ ಜಾತಿಯದು.

ಬೆಂಗಳೂರು ಇಲ್ಲಿಂದ ಸುಮಾರು 260 ಕಿಲೋಮೀಟರ್. ಕ್ರಿಕೆಟ್ ಲೆಕ್ಕದಲ್ಲಿ ಆ ದೂರ ಇನ್ನೂ ಜಾಸ್ತಿ. ರಾಜ್ಯ ತಂಡಕ್ಕೆ ಹೋಗಬೇಕಾದರೆ ಬೆಂಗಳೂರಿನ ಕ್ಲಬ್ ಲೀಗ್‌ಗಳಲ್ಲಿ ಕಣ್ಣಿಗೆ ಬೀಳಬೇಕು. ಜಿಲ್ಲೆಗಳಲ್ಲಿ ಟರ್ಫ್ ಪಿಚ್ ಅಪರೂಪ, ಮ್ಯಾಟ್ ಹಾಸಿ ಆಡೋದೇ ಹೆಚ್ಚು. ಮ್ಯಾಟ್ ಮೇಲೆ ಚೆಂಡು ಏಳುವ ರೀತಿ ಬೇರೆ, ಹುಲ್ಲಿನ ಪಿಚ್ ಮೇಲೆ ಏಳುವ ರೀತಿ ಬೇರೆ. ಅದಕ್ಕೇ ಜಿಲ್ಲೆಯಿಂದ ಹೋದ ಹುಡುಗ ರಾಜಧಾನಿಯಲ್ಲಿ ಬೌಲಿಂಗನ್ನು ಅರ್ಧ ಮತ್ತೆ ಕಲೀಬೇಕು. ಕೆಲಸ ಹುಡುಕಿಕೊಂಡು ರಾತ್ರಿ ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಬಂದಿಳಿದವರಿಗೆ ಈ ‘ಮತ್ತೆ ಕಲಿಯೋದು’ ಹೊಸದೇನಲ್ಲ ಬಿಡಿ.

ಸ್ಪೀಡ್ ಇಲ್ಲದ ಎಕ್ಸ್‌ಪ್ರೆಸ್

ಕ್ರಿಕೆಟ್‌ನಲ್ಲಿ ‘ಎಕ್ಸ್‌ಪ್ರೆಸ್’ ಅಂದರೆ ಮೊದಲು ನೆನಪಾಗೋದು ರಾವಲ್ಪಿಂಡಿ ಎಕ್ಸ್‌ಪ್ರೆಸ್ ಶೋಯೆಬ್ ಅಖ್ತರ್. 2003ರ ವಿಶ್ವಕಪ್‌ನಲ್ಲಿ ಗಂಟೆಗೆ 161 ಕಿಲೋಮೀಟರ್ ದಾಟಿಸಿದ ಮನುಷ್ಯ. ನಮ್ಮ ದಾವಣಗೆರೆ ಎಕ್ಸ್‌ಪ್ರೆಸ್ ಓಡುತ್ತಿದ್ದದ್ದು 130ರ ಆಸುಪಾಸಿನಲ್ಲಿ. ಇದನ್ನೇ ಹಿಡಿದು ಗೇಲಿ ಮಾಡಿದವರು ಬಹಳ. ‘ಎಕ್ಸ್‌ಪ್ರೆಸ್ ಅಲ್ರೀ ಅದು, ಪ್ಯಾಸೆಂಜರ್’ ಅನ್ನೋ ಜೋಕು ನೀವೂ ಕೇಳಿರ್ತೀರಿ.

ಆದರೆ ಪ್ಯಾಸೆಂಜರ್ ಗಾಡಿಗೂ ಒಂದು ಗುಣ ಇದೆ. ಯಾವ ಸ್ಟೇಷನ್ನನ್ನೂ ಅದು ಬಿಡಲ್ಲ.

ಸ್ಪೀಡ್ ಇಲ್ಲದ ಬೌಲರ್ ವಿಕೆಟ್ ತೆಗೆಯೋದು ಹೇಗೆ? ಮೊದಲನೆಯದು ಜಾಗ. ಆಫ್ ಸ್ಟಂಪ್ ಮೇಲೆ ಅಥವಾ ಅದರಿಂದ ಸ್ವಲ್ಪವೇ ಹೊರಗೆ, ಬ್ಯಾಟ್ಸ್‌ಮನ್ ಮುಂದೆ ಬರಬೇಕೋ ಹಿಂದೆ ಹೋಗಬೇಕೋ ಅಂತ ಗೊಂದಲಕ್ಕೆ ಬೀಳುವ ಜಾಗ. ಅಲ್ಲಿ ಆರಕ್ಕೆ ಐದು ಚೆಂಡು ಬೀಳಬೇಕು. ಎರಡನೆಯದು ಸ್ವಿಂಗ್. ಹೊಸ ಚೆಂಡಿನ ಹೊಲಿಗೆಯನ್ನು ಸ್ಲಿಪ್ ಕಡೆ ತಿರುಗಿಸಿ ಹಿಡಿದು, ಬಲಗೈ ಬ್ಯಾಟ್ಸ್‌ಮನ್‌ನಿಂದ ದೂರ ಹೋಗುವಂತೆ ಎಸೆಯೋದು. ಮೂರನೆಯದು ಕಟರ್. ಚೆಂಡಿನ ಮೇಲೆ ಬೆರಳು ಉಜ್ಜಿ ಬಿಟ್ಟರೆ, ಪಿಚ್‌ಗೆ ಬಡಿದ ಮೇಲೆ ಅದು ದಿಕ್ಕು ಬದಲಿಸುತ್ತೆ. ಹಳೆಯ ಚೆಂಡಿನಲ್ಲಿ ಸ್ವಿಂಗ್ ನಿಂತುಹೋದಾಗ ಇದೇ ಗತಿ. ನಾಲ್ಕನೆಯದು ವೇಗದ ಬದಲಾವಣೆ. ಅದೇ ಓಟ, ಅದೇ ಕೈ ಬೀಸು, ಆದರೆ ಚೆಂಡು ಮಾತ್ರ ತಡವಾಗಿ ಬರುತ್ತೆ.

ಈ ನಾಲ್ಕರಲ್ಲಿ ಯಾವುದೂ ಟಿವಿಯ ಸ್ಪೀಡ್ ಮೀಟರ್‌ನಲ್ಲಿ ಕಾಣಲ್ಲ. ಸ್ಕೋರ್ ಪಟ್ಟಿಯಲ್ಲಿ ‘ಕಾಟ್ ಬಿಹೈಂಡ್’, ‘ಎಲ್‌ಬಿಡಬ್ಲ್ಯೂ’ ಅಂತ ಮಾತ್ರ ಕಾಣುತ್ತೆ. ಭಾರತದ ಹೆಚ್ಚಿನ ಪಿಚ್‌ಗಳು ಸ್ಪಿನ್ನರ್‌ಗಳ ಮಿತ್ರರು. ವೇಗದವರಿಗೆ ಬೆಳಗಿನ ಮೊದಲ ಒಂದು ಗಂಟೆ ಸಿಕ್ಕರೆ ಪುಣ್ಯ. ಅಂಥ ನೆಲದಲ್ಲಿ 139 ಪ್ರಥಮ ದರ್ಜೆ ಪಂದ್ಯ ಆಡಿ, 22 ಚಿಲ್ಲರೆ ರನ್‌ಗೆ ಒಂದರಂತೆ 504 ವಿಕೆಟ್ ಕೀಳೋದು ಹುಡುಗಾಟ ಅಲ್ಲ.

ಮೈಸೂರಿನಲ್ಲಿ ಆರು ರನ್

ವಿನಯ್ ಕರ್ನಾಟಕ ತಂಡಕ್ಕೆ ಬಂದದ್ದು 2004-05ರ ಋತುವಿನಲ್ಲಿ. ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್, ದೊಡ್ಡ ಗಣೇಶ್ ಕಟ್ಟಿ ಬೆಳೆಸಿದ ವೇಗದ ಬೌಲಿಂಗ್‌ನ ಮನೆಗೆ ಹೊಸ ತಲೆಮಾರು ಬೇಕಿತ್ತು. ರಾಜ್ಯ ಕೊನೆಯ ಸಲ ರಣಜಿ ಗೆದ್ದಿದ್ದು 1998-99ರಲ್ಲಿ. ಆಮೇಲೆ ವರ್ಷ ಉರುಳಿದವೇ ಹೊರತು ಕಪ್ ಬರಲಿಲ್ಲ.

2009-10ರ ಋತು ನೆನಪಿದೆಯಾ? ವಿನಯ್ 46, ಅಭಿಮನ್ಯು ಮಿಥುನ್ 47. ಆ ವರ್ಷ ರಣಜಿಯಲ್ಲಿ ಹೆಚ್ಚು ವಿಕೆಟ್ ತೆಗೆದ ಮೊದಲ ಇಬ್ಬರೂ ನಮ್ಮವರೇ. ಫೈನಲ್ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ, ಎದುರಾಳಿ ಮುಂಬೈ. ಗೆಲುವಿಗೆ ಬೇಕಿದ್ದದ್ದು 338. ಮನೀಷ್ ಪಾಂಡೆ 144 ಹೊಡೆದರು. ಮೈದಾನದ ಸುತ್ತ ಜನ ಕಿಕ್ಕಿರಿದು ನಿಂತಿದ್ದರು. ಕರ್ನಾಟಕ 331ಕ್ಕೆ ಆಲೌಟ್. ಸೋತದ್ದು ಬರೀ 6 ರನ್‌ನಿಂದ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆದರೆ ವಿನಯ್‌ಗೆ ಬೇರೆ ಬಾಗಿಲು ತೆರೆಯಿತು. 2010ರ ಐಪಿಎಲ್‌ನಲ್ಲಿ ರಾಯಲ್ ಚಾಲೆಂಜರ್ಸ್ ಪರ 16 ವಿಕೆಟ್ ತೆಗೆದರು. ಅದೇ ವರ್ಷ ವೆಸ್ಟ್ ಇಂಡೀಸ್‌ನಲ್ಲಿ ನಡೆದ ಟಿ20 ವಿಶ್ವಕಪ್‌ಗೆ ಭಾರತ ತಂಡದಲ್ಲಿ ಜಾಗ ಸಿಕ್ಕಿತು. ತಿಂಗಳ ಕೊನೆಗೆ ಜಿಂಬಾಬ್ವೆಯಲ್ಲಿ ಮೊದಲ ಏಕದಿನ ಪಂದ್ಯ.

2011ರ ಅಕ್ಟೋಬರ್‌ನಲ್ಲಿ ದೆಹಲಿಯ ಕೋಟ್ಲಾದಲ್ಲಿ ಇಂಗ್ಲೆಂಡ್ ವಿರುದ್ಧ 30 ರನ್‌ಗೆ 4 ವಿಕೆಟ್ ಕಿತ್ತರು. ಆ ಪಂದ್ಯದಲ್ಲಿ ವಿರಾಟ್ ಕೊಹ್ಲಿ ಅಜೇಯ 112 ಹೊಡೆದಿದ್ದರಿಂದ ಮಾರನೇ ದಿನದ ತಲೆಬರಹ ಅವರದಾಯಿತು. ಬೌಲರ್‌ಗಳ ಹಣೆಬರಹವೇ ಅಷ್ಟು. ಚೆನ್ನಾಗಿ ಹಾಕಿದ ದಿನ ಬ್ಯಾಟ್ಸ್‌ಮನ್‌ನ ಫೋಟೊ, ಹೊಡೆಸಿಕೊಂಡ ದಿನ ಮಾತ್ರ ಬೌಲರ್‌ನ ಫೋಟೊ.

ಪರ್ತ್‌ನ ಆ ಒಂದು ಟೆಸ್ಟ್

2012ರ ಜನವರಿ. ಆಸ್ಟ್ರೇಲಿಯಾದ ಪರ್ತ್. ಪ್ರಪಂಚದ ಅತಿ ವೇಗದ ಪಿಚ್‌ಗಳಲ್ಲಿ ಒಂದಾದ ವಾಕಾ ಮೈದಾನ. ಭಾರತ ಸರಣಿಯಲ್ಲಿ ಆಗಲೇ 0-2ರಿಂದ ಹಿಂದಿತ್ತು. ಸ್ಪಿನ್ನರ್ ಅಶ್ವಿನ್ ಅವರನ್ನು ಹೊರಗಿಟ್ಟು ನಾಲ್ಕನೇ ವೇಗಿಯಾಗಿ ವಿನಯ್‌ಗೆ ಟೆಸ್ಟ್ ಕ್ಯಾಪ್ ಕೊಟ್ಟರು.

ಭಾರತ ಮೊದಲು ಬ್ಯಾಟ್ ಮಾಡಿ 161ಕ್ಕೆ ಮುದುಡಿಕೊಂಡಿತು. ಆಮೇಲೆ ಡೇವಿಡ್ ವಾರ್ನರ್ ಬಂದರು. 69 ಎಸೆತದಲ್ಲಿ ಶತಕ. ಕೊನೆಗೆ 159 ಎಸೆತದಲ್ಲಿ 180. ಎಡ್ ಕೋವನ್ ಜತೆ ಮೊದಲ ವಿಕೆಟ್‌ಗೇ 214 ರನ್. ವಿನಯ್ 13 ಓವರ್ ಹಾಕಿ 73 ರನ್ ಕೊಟ್ಟರು. ಸಿಕ್ಕಿದ್ದು ಒಂದು ವಿಕೆಟ್, ಅದು ಮೈಕ್ ಹಸ್ಸಿಯದು. ಭಾರತ ಮೂರು ದಿನದೊಳಗೆ ಇನಿಂಗ್ಸ್ ಮತ್ತು 37 ರನ್‌ನಿಂದ ಸೋತಿತು.

ಅವರ ಟೆಸ್ಟ್ ಜೀವನ ಅಲ್ಲಿಗೆ ಶುರುವಾಗಿ ಅಲ್ಲಿಗೇ ಮುಗಿಯಿತು. ಒಂದು ಪಂದ್ಯ, ಒಂದು ವಿಕೆಟ್.

‘130ರ ಸ್ಪೀಡಿನವನು ಟೆಸ್ಟ್‌ಗೆ ನಡೆಯಲ್ಲ’ ಅನ್ನೋ ತೀರ್ಪು ಆವತ್ತು ಬಂತು. ಇಲ್ಲಿ ಒಂದು ವಿಷಯ ಗಮನಿಸಿ. ಅದಕ್ಕೆ ಎರಡೇ ತಿಂಗಳು ಹಿಂದೆ ದಕ್ಷಿಣ ಆಫ್ರಿಕಾದಲ್ಲಿ ವೆರ್ನನ್ ಫಿಲಾಂಡರ್ ಅನ್ನೋ ಬೌಲರ್ ಟೆಸ್ಟ್‌ಗೆ ಕಾಲಿಟ್ಟಿದ್ದರು. ಹೆಚ್ಚು ಕಮ್ಮಿ ಅದೇ ವೇಗ, ಅದೇ ಆಫ್ ಸ್ಟಂಪ್ ಲೈನ್. ಕೇಪ್‌ಟೌನ್‌ನಲ್ಲಿ ಆಡಿದ ಮೊದಲ ಟೆಸ್ಟ್‌ನಲ್ಲೇ 15 ರನ್‌ಗೆ 5 ವಿಕೆಟ್ ಕಿತ್ತು ಆಸ್ಟ್ರೇಲಿಯಾವನ್ನು 47ಕ್ಕೆ ಆಲೌಟ್ ಮಾಡಿದರು. ಮುಂದೆ 64 ಟೆಸ್ಟ್ ಆಡಿ 224 ವಿಕೆಟ್ ತೆಗೆದರು.

ಇಬ್ಬರೂ ಒಂದೇ ದರ್ಜೆಯ ಬೌಲರ್‌ಗಳು ಅಂತ ಹೇಳೋದು ನನ್ನ ಉದ್ದೇಶ ಅಲ್ಲ. ಫಿಲಾಂಡರ್ ತನ್ನ ಊರಿನ ಹುಲ್ಲು ಪಿಚ್ ಮೇಲೆ, ಡೇಲ್ ಸ್ಟೇಯ್ನ್ ಅಂಥವರ ಜತೆಗೆ ಶುರು ಮಾಡಿದರು. ಅಲ್ಲಿ ಚೆಂಡು ತಾನಾಗೇ ಮಾತಾಡುತ್ತೆ. ವಿನಯ್ ಶುರು ಮಾಡಿದ್ದು ಕೈಗೆ ಬರೀ 161 ರನ್ ಇಟ್ಟುಕೊಂಡು, ಸೋಲುತ್ತಿದ್ದ ತಂಡದಲ್ಲಿ, ವಾರ್ನರ್ ಎದುರಿಗೆ. ವಿಫಲರಾದರು, ಹೌದು. ಆದರೆ 130ರ ವೇಗ ಒಂದೇ ಅದಕ್ಕೆ ಕಾರಣ ಅನ್ನೋಕೆ ಫಿಲಾಂಡರ್ ಅವರ 224 ವಿಕೆಟ್ ಅಡ್ಡ ಬರುತ್ತವೆ.

ಸರಿಯಾಗಿ ಮೂರು ತಿಂಗಳು

ಮತ್ತೆ 102ರ ದಿನಕ್ಕೆ ಬರೋಣ. 2013ರ ನವೆಂಬರ್ 2ರ ರಾತ್ರಿ ಚಿನ್ನಸ್ವಾಮಿಯಿಂದ ಹೊರಗೆ ನಡೆದ ಬೌಲರ್ ಆಗ ಕರ್ನಾಟಕ ತಂಡದ ನಾಯಕನೂ ಹೌದು. ರಣಜಿ ಋತು ಬಾಗಿಲಲ್ಲೇ ನಿಂತಿತ್ತು. ಅಂಥ ರಾತ್ರಿ ಕಳೆದ ಮೇಲೆ ಡ್ರೆಸಿಂಗ್ ರೂಮಿಗೆ ಹೋಗಿ ಕೆ.ಎಲ್. ರಾಹುಲ್, ಕರುಣ್ ನಾಯರ್‌ರಂಥ ಇಪ್ಪತ್ತರ ಆಸುಪಾಸಿನ ಹುಡುಗರಿಗೆ ‘ಬನ್ರಪ್ಪಾ, ಈ ಸಲ ಕಪ್ ಗೆಲ್ಲೋಣ’ ಅನ್ನೋಕೆ ಎಂಥ ಎದೆಗಾರಿಕೆ ಬೇಕು, ಯೋಚನೆ ಮಾಡಿ.

2014ರ ಫೆಬ್ರುವರಿ 2. ಲೆಕ್ಕ ಹಾಕಿದರೆ ಸರಿಯಾಗಿ ಮೂರು ತಿಂಗಳು. ಹೈದರಾಬಾದ್‌ನಲ್ಲಿ ಮಹಾರಾಷ್ಟ್ರವನ್ನು 7 ವಿಕೆಟ್‌ನಿಂದ ಸೋಲಿಸಿ ಕರ್ನಾಟಕ ರಣಜಿ ಟ್ರೋಫಿ ಎತ್ತಿತು. ಹದಿನೈದು ವರ್ಷದ ಬರ ನೀಗಿತು. ಟ್ರೋಫಿ ಹಿಡಿದ ಕೈ ದಾವಣಗೆರೆಯದು.

ಅಲ್ಲಿಗೇ ನಿಲ್ಲಲಿಲ್ಲ. ಅದೇ ತಿಂಗಳು ಬೆಂಗಳೂರಿನಲ್ಲಿ ಶೇಷ ಭಾರತ ತಂಡವನ್ನು ಇನಿಂಗ್ಸ್ ಅಂತರದಿಂದ ಸೋಲಿಸಿ ಇರಾನಿ ಕಪ್ ಬಂತು. ಮಾರ್ಚ್‌ನಲ್ಲಿ ಕೋಲ್ಕತ್ತದಲ್ಲಿ ರೈಲ್ವೇಸ್ ವಿರುದ್ಧ ಗೆದ್ದು ವಿಜಯ್ ಹಜಾರೆ ಟ್ರೋಫಿ. ಒಂದೇ ಋತುವಿನಲ್ಲಿ ಮೂರು ಕಪ್.

ಒಂದು ಸಲ ಆದರೆ ಅದೃಷ್ಟ ಅನ್ನಬಹುದು. ಮರುವರ್ಷವೂ ಅದೇ ಮೂರು ಕಪ್, ಅದೇ ನಾಯಕ. ವಿನಯ್, ಮಿಥುನ್, ಎಸ್. ಅರವಿಂದ್. ಈ ಮೂವರು ವೇಗಿಗಳ ಜೋಡಣೆಯನ್ನು ನೋಡಿದವರು ಮರೆಯಲ್ಲ. ಒಬ್ಬ ಎಡಗೈ, ಒಬ್ಬ ಜೋರು, ಒಬ್ಬ ಕರಾರುವಾಕ್ಕು.

ವಾಂಖೆಡೆಯ ದಿನಗಳು

2015ರ ಮಾರ್ಚ್, ಮುಂಬೈನ ವಾಂಖೆಡೆ. ರಣಜಿ ಫೈನಲ್, ಎದುರಿಗೆ ತಮಿಳುನಾಡು. ವಿನಯ್ ಅವರ ಇಡೀ ಆಟವನ್ನು ಒಂದೇ ಪಂದ್ಯದಲ್ಲಿ ನೋಡಬೇಕು ಅಂದರೆ ಇದನ್ನು ನೋಡಿ.

ಮೊದಲ ದಿನ ಹೊಸ ಚೆಂಡು ಹಿಡಿದು 34 ರನ್‌ಗೆ 5 ವಿಕೆಟ್. ತಮಿಳುನಾಡು 134ಕ್ಕೆ ಗಂಟುಮೂಟೆ ಕಟ್ಟಿತು. ಆದರೆ ಕರ್ನಾಟಕವೂ 84 ರನ್ ಆಗುವಷ್ಟರಲ್ಲಿ 5 ವಿಕೆಟ್ ಕಳೆದುಕೊಂಡಿತು. ಗಾಯಗೊಂಡು ಹೊರಗೆ ಹೋಗಿದ್ದ ರಾಹುಲ್ ವಾಪಸ್ ಬಂದು ಕರುಣ್ ಜತೆ ನಿಂತರು. ಇಬ್ಬರೂ ಸೇರಿ 386 ರನ್ ಪೇರಿಸಿದರು. ರಾಹುಲ್ 188, ಕರುಣ್ 328.

ಅಷ್ಟಾದ ಮೇಲೆ ಕೆಳ ಕ್ರಮಾಂಕದಲ್ಲಿ ಬಂದ ನಾಯಕ ಏನು ಮಾಡಿದರು? ಅಜೇಯ 105. ಹೌದು, ರಣಜಿ ಫೈನಲ್‌ನಲ್ಲಿ ಐದು ವಿಕೆಟ್ ಜತೆಗೆ ಒಂದು ಶತಕ. ಕರ್ನಾಟಕ 762. ಗೆಲುವು ಇನಿಂಗ್ಸ್ ಮತ್ತು 217 ರನ್‌ನಿಂದ.

ಕರುಣ್ ತ್ರಿಶತಕದ ಬೆಳಕಿನಲ್ಲಿ ಈ 5 ಮತ್ತು 105 ಅಷ್ಟಾಗಿ ಕಾಣಲಿಲ್ಲ. ಕರುಣ್, ರಾಹುಲ್ ಇಬ್ಬರೂ ಭಾರತ ತಂಡದಲ್ಲಿ ಹೆಸರು ಮಾಡಿದರು. ಅವರ ಬೆಳವಣಿಗೆಯ ಹಿಂದಿನ ಎರಡು ದೊಡ್ಡ ವರ್ಷಗಳಲ್ಲಿ ನಾಯಕ ಯಾರಿದ್ದರು ಅನ್ನೋದನ್ನು ನಾವು ಕನ್ನಡಿಗರಾದರೂ ನೆನಪಿಟ್ಟುಕೊಳ್ಳಬೇಕು.

ಹ್ಯಾಟ್ರಿಕ್, ಐದು ರನ್, ಮತ್ತು ಟ್ರೋಲ್‌ಗಳು

2017ರ ಡಿಸೆಂಬರ್. ನಾಗಪುರದಲ್ಲಿ ಮುಂಬೈ ವಿರುದ್ಧ ರಣಜಿ ಕ್ವಾರ್ಟರ್ ಫೈನಲ್. ವಿನಯ್‌ಗೆ ವಯಸ್ಸು 33. ಮೊದಲ ಓವರ್‌ನ ಕೊನೆಯ ಎಸೆತದಲ್ಲಿ ಪೃಥ್ವಿ ಶಾ ಔಟ್. ತಮ್ಮ ಮುಂದಿನ ಓವರ್‌ನ ಮೊದಲ ಎರಡು ಎಸೆತದಲ್ಲಿ ಜಯ್ ಬಿಷ್ಟ, ಆಕಾಶ್ ಪಾರ್ಕರ್ ಔಟ್. ಹ್ಯಾಟ್ರಿಕ್! 34 ರನ್‌ಗೆ 6 ವಿಕೆಟ್ ಕಿತ್ತ ಅವರ ಎದುರು ಮುಂಬೈ 173ಕ್ಕೆ ಕುಸಿಯಿತು. ಮೈಸೂರಿನ ಆರು ರನ್ ಸೋಲಿಗೆ ಏಳು ವರ್ಷದ ಮೇಲೆ ಬಡ್ಡಿ ಸಮೇತ ವಸೂಲಿ.

ಮುಂದಿನ ವಾರ ಕೋಲ್ಕತ್ತದಲ್ಲಿ ವಿದರ್ಭ ವಿರುದ್ಧ ಸೆಮಿಫೈನಲ್. ಗುರಿ ಬರೀ 198. ನಾಲ್ಕನೇ ದಿನದ ಕೊನೆಗೆ ಕರ್ನಾಟಕ 7 ವಿಕೆಟ್‌ಗೆ 111. ಕ್ರೀಸ್‌ನಲ್ಲಿ ವಿನಯ್. ಕೊನೆಯ ದಿನ ಬೆಳಗ್ಗೆ ಬೌಲರ್‌ಗಳೇ ಬ್ಯಾಟು ಹಿಡಿದು ಹೋರಾಡಿದರು. ವಿನಯ್ 36, ಮಿಥುನ್ 33. ರಜನೀಶ್ ಗುರ್ಬಾನಿ 7 ವಿಕೆಟ್ ಕಿತ್ತರು. ಕರ್ನಾಟಕ 5 ರನ್‌ನಿಂದ ಸೋತಿತು. ವಿದರ್ಭ ಆ ವರ್ಷ ಮೊದಲ ಸಲ ರಣಜಿ ಗೆದ್ದಿತು.

ಇನ್ನು 2018ರ ಏಪ್ರಿಲ್ 10. ಇದು ನಿಮ್ಮಲ್ಲಿ ಹಲವರಿಗೆ ಚೆನ್ನಾಗಿ ನೆನಪಿರಬೇಕು. ಚೆನ್ನೈನಲ್ಲಿ ಐಪಿಎಲ್ ಪಂದ್ಯ. ಕೋಲ್ಕತ್ತ ನೈಟ್ ರೈಡರ್ಸ್ ಪರ ಕೊನೆಯ ಓವರ್ ವಿನಯ್ ಕೈಗೆ ಬಂತು. ಚೆನ್ನೈಗೆ ಬೇಕಿದ್ದದ್ದು 17. ಮೊದಲ ಚೆಂಡೇ ನೋಬಾಲ್, ಅದರ ಮೇಲೆ ಸಿಕ್ಸರ್. ಒಂದು ಎಸೆತ ಉಳಿದಿರುವಾಗಲೇ ಜಡೇಜ ಸಿಕ್ಸರ್‌ನಿಂದ ಪಂದ್ಯ ಮುಗಿಯಿತು. ಆ ರಾತ್ರಿ ಮೀಮ್‌ಗಳ ಸುರಿಮಳೆ. ಸ್ಪೀಡು, ಊರು, ಅಡ್ಡಹೆಸರು, ಯಾವುದನ್ನೂ ಜನ ಬಿಡಲಿಲ್ಲ. ವಿನಯ್ ಟ್ವಿಟರ್‌ನಲ್ಲಿ ಕೊಟ್ಟ ಉತ್ತರ ಸರಳ. ಇದು ಆಟ, ಹಗುರವಾಗಿ ತಗೊಳ್ಳಿ ಅಂದರು. ಹಿಂದೆ ಇದಕ್ಕಿಂತ ಕಡಿಮೆ ರನ್‌ಗಳನ್ನು ಕೊನೆಯ ಓವರ್‌ನಲ್ಲಿ ಉಳಿಸಿಕೊಟ್ಟಿದ್ದನ್ನೂ ನೆನಪಿಸಿದರು.

ನೆನಪಿಸಿದ್ದು ಸರಿಯೇ. ಐಪಿಎಲ್‌ನಲ್ಲಿ ಅವರು 105 ಪಂದ್ಯ ಆಡಿ 105 ವಿಕೆಟ್ ತೆಗೆದರು. 2013ರ ಐಪಿಎಲ್‌ನಲ್ಲಿ 23 ವಿಕೆಟ್. ಕೋಲ್ಕತ್ತ 2014ರಲ್ಲಿ, ಮುಂಬೈ 2015 ಮತ್ತು 2017ರಲ್ಲಿ ಕಪ್ ಗೆದ್ದಾಗ ಆ ತಂಡಗಳ ಬಳಗದಲ್ಲಿ ಅವರಿದ್ದರು. ಕೊನೆಯ ಓವರ್ ಅನ್ನು ಯಾರ ಕೈಗೆ ಬೇಕಾದರೂ ನಾಯಕ ಕೊಡಲ್ಲ. ಅದಕ್ಕೆ ಮೊದಲೇ ಹತ್ತಾರು ಸಲ ಗೆಲ್ಲಿಸಿದ್ದವನ ಕೈಗೇ ಕೊಡೋದು. ಮೀಮ್ ಮಾಡುವವರಿಗೆ ಆ ಹತ್ತಾರು ಸಲದ ಲೆಕ್ಕ ಬೇಕಾಗಿಲ್ಲ.

ಪುದುಚೇರಿ ಎಂಬ ನಿಲ್ದಾಣ

2019ರಲ್ಲಿ ವಿನಯ್ ಕರ್ನಾಟಕ ಬಿಟ್ಟು ಪುದುಚೇರಿಗೆ ಹೋದರು. ಹದಿನೈದು ವರ್ಷ ತೊಟ್ಟ ಜೆರ್ಸಿ ಬಿಚ್ಚಿಟ್ಟು, ರಣಜಿಗೆ ಹೊಸದಾಗಿ ಕಾಲಿಟ್ಟಿದ್ದ ತಂಡಕ್ಕೆ ಹೋಗೋದು ಸುಲಭದ ತೀರ್ಮಾನ ಇರಲಿಕ್ಕಿಲ್ಲ. ಆದರೆ ಕರ್ನಾಟಕದಲ್ಲಿ ಪ್ರಸಿದ್ಧ್ ಕೃಷ್ಣ, ರೋನಿತ್ ಮೋರೆಯಂಥ ಹುಡುಗರು ಬೆಳೆದು ನಿಂತಿದ್ದರು. ಜಾಗ ಬಿಟ್ಟುಕೊಡುವ ಹೊತ್ತು ಬಂದಿತ್ತು.

ಪುದುಚೇರಿಯಲ್ಲಿ ಆ ಋತುವಿನ 9 ಪಂದ್ಯದಲ್ಲಿ 45 ವಿಕೆಟ್! ಎದುರಾಳಿಗಳು ಪ್ಲೇಟ್ ಗುಂಪಿನ ಸಣ್ಣ ತಂಡಗಳು, ನಿಜ. ಹಾಗಂತ ಮೂವತ್ತೈದು ದಾಟಿದ ವೇಗದ ಬೌಲರ್‌ನ ಮೊಣಕಾಲಿಗೆ, ಬೆನ್ನಿಗೆ, ಪ್ಲೇಟ್ ಗುಂಪು ಅಂತ ಯಾರೂ ರಿಯಾಯಿತಿ ಕೊಡಲ್ಲ. ಅಷ್ಟು ಓವರ್ ಓಡಿ ಬಂದು ಹಾಕಲೇಬೇಕು.

2021ರ ಫೆಬ್ರುವರಿ 26ರಂದು ಅವರು ನಿವೃತ್ತಿ ಘೋಷಿಸಿದರು. ಇಪ್ಪತ್ತೈದು ವರ್ಷ ಓಡಿ, ಎಷ್ಟೋ ಸ್ಟೇಷನ್ ದಾಟಿದ ದಾವಣಗೆರೆ ಎಕ್ಸ್‌ಪ್ರೆಸ್ ಕೊನೆಗೆ ನಿವೃತ್ತಿ ಅನ್ನೋ ಸ್ಟೇಷನ್‌ಗೆ ಬಂದು ನಿಂತಿದೆ ಎಂಬ ಅರ್ಥದ ಮಾತಿನೊಂದಿಗೆ ಬೀಳ್ಕೊಡುಗೆ ಪತ್ರ ಶುರುವಾಗಿತ್ತು. ಜನ ಗೇಲಿಗೆ ಬಳಸಿದ ಹೆಸರನ್ನೇ ಅವರು ಹೆಮ್ಮೆಯಿಂದ ತೊಟ್ಟುಕೊಂಡರು. ಅನಿಲ್ ಕುಂಬ್ಳೆ, ರಾಹುಲ್ ದ್ರಾವಿಡ್, ಮಹೇಂದ್ರ ಸಿಂಗ್ ಧೋನಿ ಮುಂತಾದವರ ಕೈಕೆಳಗೆ ಆಡಿದ್ದನ್ನು ನೆನೆದರು.

ಆಮೇಲೆ ಮನೆಯಲ್ಲಿ ಕೂರಲಿಲ್ಲ. ಮುಂಬೈ ಇಂಡಿಯನ್ಸ್ ಪರ ಹೊಸ ಪ್ರತಿಭೆ ಹುಡುಕುವ ಕೆಲಸಕ್ಕೆ ಸೇರಿದರು. ಯುಎಇಯ ಟಿ20 ಲೀಗ್‌ನಲ್ಲಿ ಅದೇ ಬಳಗದ ಎಂಐ ಎಮಿರೇಟ್ಸ್ ತಂಡಕ್ಕೆ ಬೌಲಿಂಗ್ ಕೋಚ್ ಆದರು. ಒಮ್ಮೆ ಜಿಲ್ಲೆಯ ಮೈದಾನದಲ್ಲಿ ಯಾರಾದರೂ ನೋಡಲಿ ಅಂತ ಬೌಲ್ ಮಾಡುತ್ತಿದ್ದ ಹುಡುಗ, ಈಗ ಬೇರೆ ಹುಡುಗರನ್ನು ನೋಡೋಕೆ ಮೈದಾನದ ಅಂಚಿನಲ್ಲಿ ನಿಲ್ಲುವ ಮನುಷ್ಯ.

ಯಾವ ಲೆಕ್ಕ ನಮ್ಮದು?

ವರ್ಷವೆಲ್ಲ ದುಡಿದು, ಒಂದು ಕೆಟ್ಟ ಪ್ರೆಸೆಂಟೇಷನ್‌ನಿಂದಲೇ ಆಫೀಸಿನಲ್ಲಿ ಗುರುತಿಸಿಕೊಂಡವರು ಇದನ್ನು ಓದುತ್ತಿರಬಹುದು. ಅಪ್ರೈಸಲ್ ಮೀಟಿಂಗ್‌ನಲ್ಲಿ ಹನ್ನೊಂದು ತಿಂಗಳ ಕೆಲಸ ಬಿಟ್ಟು ಕೊನೆಯ ವಾರದ ಎಡವಟ್ಟಿನ ಬಗ್ಗೆ ಮಾತ್ರ ಕೇಳಿದ ಮ್ಯಾನೇಜರ್ ನಿಮಗೂ ಸಿಕ್ಕಿರಬಹುದು. ಅವರಿಗೆ ವಿನಯ್ ಜೀವನದಿಂದ ‘ಸೋಲೇ ಗೆಲುವಿನ ಸೋಪಾನ’ ಅನ್ನೋ ಹಳೇ ಉಪದೇಶ ಬೇಕಿಲ್ಲ. ಯಾಕಂದರೆ ಭಾರತ ತಂಡದ ಬಾಗಿಲು ಅವರಿಗೆ ಮತ್ತೆ ತೆರೆಯಲೇ ಇಲ್ಲ. ಎರಡು ವರ್ಷ ಮೂರು ಮೂರು ಕಪ್ ಗೆದ್ದ ಮೇಲೂ ತೆರೆಯಲಿಲ್ಲ. ಮುಂಬೈ ಎದುರು ಹ್ಯಾಟ್ರಿಕ್ ತೆಗೆದ ಮೇಲೂ ತೆರೆಯಲಿಲ್ಲ.

ಆದರೂ ಅವರು ಬೌಲಿಂಗ್ ನಿಲ್ಲಿಸಲಿಲ್ಲ. ತೆರೆಯದ ಬಾಗಿಲ ಮುಂದೆ ಕಾಯುತ್ತಾ ಕೂರಲೂ ಇಲ್ಲ. ಖಾಲಿ ಗ್ಯಾಲರಿ ಇದ್ದ ರಣಜಿ ಮೈದಾನಗಳಲ್ಲಿ, ಚಳಿಗಾಲದ ಬೆಳಗಿನಲ್ಲಿ, ಅದೇ ಆಫ್ ಸ್ಟಂಪಿನ ಹೊರಗೆ ಅದೇ ಚೆಂಡು. 102ರ ನಂತರ ಬಂದ ನೂರಾರು ವಿಕೆಟ್ ಅಲ್ಲಿಯವು. ದೊಡ್ಡ ಬಹುಮಾನ ಸಿಗಲ್ಲ ಅಂತ ಗೊತ್ತಾದ ಮೇಲೂ ಕೆಲಸವನ್ನು ಅಷ್ಟೇ ಅಚ್ಚುಕಟ್ಟಾಗಿ ಮಾಡೋದು ಕಷ್ಟ. ಹರಿಹರದ ಲೇತ್ ಮುಂದೆ ನಿಂತ ಹಿರಿಯರೂ ಮಾಡಿದ್ದು ಅದನ್ನೇ.

ಇನ್ನು ಮುಂದೆ ಯಾರಾದರೂ ‘102 ಕೊಟ್ಟವನಲ್ವಾ?’ ಅಂದರೆ ಇಲ್ಲ ಅನ್ನಬೇಡಿ. ಹೌದು, ಕೊಟ್ಟರು. 504 ತಗೊಂಡರು ಅಂತಲೂ ಸೇರಿಸಿ.

ಒಂದು ನೋಟದಲ್ಲಿ ವಿನಯ್ ಕುಮಾರ್

ಹುಟ್ಟಿದ್ದು: 12 ಫೆಬ್ರುವರಿ 1984, ದಾವಣಗೆರೆ
ಪ್ರಥಮ ದರ್ಜೆ: 139 ಪಂದ್ಯ, 504 ವಿಕೆಟ್
ರಣಜಿ ಟ್ರೋಫಿ: 442 ವಿಕೆಟ್
ಟೆಸ್ಟ್: 1 ಪಂದ್ಯ, 1 ವಿಕೆಟ್
ಏಕದಿನ: 31 ಪಂದ್ಯ, 38 ವಿಕೆಟ್
ಅಂತರರಾಷ್ಟ್ರೀಯ ಟಿ20: 9 ಪಂದ್ಯ, 10 ವಿಕೆಟ್
ಐಪಿಎಲ್: 105 ಪಂದ್ಯ, 105 ವಿಕೆಟ್
ನಾಯಕನಾಗಿ: 2013-14 ಮತ್ತು 2014-15ರಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ
ನಿವೃತ್ತಿ: 26 ಫೆಬ್ರುವರಿ 2021

ನಿಮ್ಮೂರಿನ ಮೈದಾನದಿಂದ ಎದ್ದು ಬಂದ, ಆದರೆ ಸುದ್ದಿಯಲ್ಲಿ ಅಷ್ಟಾಗಿ ಕಾಣದ ಆಟಗಾರರು ಯಾರಾದರೂ ಇದ್ದಾರಾ? ಕಬಡ್ಡಿ, ಖೊ-ಖೊ, ಕುಸ್ತಿ, ವಾಲಿಬಾಲ್, ಆಟ ಯಾವುದಾದರೂ ಸರಿ. ಓದುಗರ ಅಂಕಣಕ್ಕೆ ಬರೆದು ಕಳಿಸಿ.